ಮೊಮ್ಮಗನ ಕಾರು ಒಂದಿಂಚು ತಗ್ಗಿತು

ನಮ್ಮ ಮನೆಯಲ್ಲಿ ಈ ವರ್ಷ ಎರಡು ತಿಂಗಳು ಬಿಡದೆ ನಡೆದ ಚರ್ಚೆ ಮದುವೆಯದ್ದಲ್ಲ, ಆಸ್ತಿಯದ್ದೂ ಅಲ್ಲ. ಒಂದು ಕಾರನ್ನು ಎಷ್ಟು ತಗ್ಗಿಸಬಹುದು ಎಂಬುದು!

ಕಾರು ಮೊಮ್ಮಗನದು. ಕೆಲಸ ಸಿಕ್ಕಿದ ಮೇಲೆ ತನ್ನ ಸಂಬಳ ಕೂಡಿಟ್ಟು ಕೊಂಡ 2017ರ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ. ನೋಡುವುದಕ್ಕೆ ಎಲ್ಲರ ಮನೆ ಮುಂದೆ ನಿಲ್ಲುವಂಥ ಚಿಕ್ಕ ಕಾರೇ. ಒಳಗೆ ಮಾತ್ರ 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ. ಅದಕ್ಕೇ ಅವನ ಬಾಯಲ್ಲಿ ಅದು ಬರೀ ಕಾರಲ್ಲ, 'ಸ್ಪೋರ್ಟಿ ಕಾರು'. ಓಡಿದ್ದು 70 ಸಾವಿರ ಕಿಲೋಮೀಟರ್ ದಾಟಿತ್ತು. ನಮ್ಮ ಊರಿನ ಮೆಕ್ಯಾನಿಕ್ ಅಡಿಗೆ ನುಗ್ಗಿ ನೋಡಿ, "ಮುಂದಿನ ಎರಡೂ ಶಾಕಪ್ಪು ಎಣ್ಣೆ ಬಿಟ್ಟಿವೆ, ಹಿಂದಿನವೂ ಇನ್ನೇನು ಹೋದವು" ಎಂದ. ಶಾಕಪ್ಪು ಅಂದರೆ ಶಾಕ್ ಅಬ್ಸಾರ್ಬರ್. ಗ್ಯಾರೇಜಿನ ಬಾಯಲ್ಲಿ ಆ ಹೆಸರು ಸವೆದು ಹಾಗಾಗಿದೆ.

ಹೇಗೂ ಬದಲಾಯಿಸಲೇಬೇಕು, ಜೊತೆಗೆ ಸ್ಪ್ರಿಂಗನ್ನೂ ಬದಲಾಯಿಸಿ ಗಾಡಿಯನ್ನು ಸ್ವಲ್ಪ ತಗ್ಗಿಸಿಬಿಡೋಣ ಎಂದು ಹುಡುಗ ಆಸೆಪಟ್ಟ. "ನೋಡಜ್ಜಾ, ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಅಂಗೈ ತೂರುತ್ತೆ. ಉದ್ದ ಬೆಳೆದು ಪ್ಯಾಂಟು ಗಿಡ್ಡವಾದ ಹುಡುಗನ ಹಾಗೆ ಕಾಣುತ್ತೆ" ಎಂದ. ಹೋಲಿಕೆ ಚೆನ್ನಾಗಿತ್ತು, ಒಪ್ಪಿದೆ. ಎಷ್ಟು ತಗ್ಗಿಸುತ್ತೀಯ ಎಂದೆ. "50 ಮಿಲಿಮೀಟರ್." ಅಂದರೆ ಎರಡಿಂಚು.

ಒಳಗಿನಿಂದ ನನ್ನ ಹೆಂಡತಿ, ಅಂದರೆ ಈ ಮಕ್ಕಳ ಅಜ್ಜಿ, ಅಲ್ಲಿಂದಲೇ ಹೇಳಿದಳು: "ನಿನ್ನ ಗಾಡಿ ಬಗ್ಗಬಹುದು ಕಣೋ, ನಾನು ಬಗ್ಗೋಕಾಗಲ್ಲ."

ಅದು ತಮಾಷೆಯ ಮಾತಾಗಿರಲಿಲ್ಲ. ಅವಳಿಗೆ ಸೊಂಟದ ಡಿಸ್ಕಿನ ತೊಂದರೆ. ತಗ್ಗು ಕುರ್ಚಿಯಲ್ಲಿ ಕೂತರೆ ಏಳಲು ಇಬ್ಬರು ಬೇಕು, ಗಾಡಿ ಕುಕ್ಕಿದರೆ ಎರಡು ದಿನ ಹಾಸಿಗೆ. ನಾವಿರುವುದು ಚಿಕ್ಕಮಗಳೂರಿನಲ್ಲಿ, ಅವಳ ತವರು ಘಟ್ಟದ ಕೆಳಗೆ ಉಜಿರೆಯ ಹತ್ತಿರ. ಅಲ್ಲಿ ಅವಳ ಅಕ್ಕ ಇದ್ದಾರೆ, 86 ವರ್ಷ, ಈಗ ಅಂಗಳಕ್ಕೂ ಇಳಿಯುವುದಿಲ್ಲ. ತಿಂಗಳಿಗೊಮ್ಮೆ ತಂಗಿ ಹೋಗಿ ಒಂದು ರಾತ್ರಿ ಇದ್ದು ಬರಬೇಕು, ಅದು ಇಬ್ಬರಿಗೂ ಔಷಧಿಯ ಹಾಗೆ. ಬಸ್ಸಿನಲ್ಲಿ ಅವಳಿಗೆ ಆಗದು. ಇರುವುದು ಈ ಮೊಮ್ಮಗನ ಕಾರೊಂದೇ. ದಾರಿ ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ. ಆ ತಿರುವುಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು ಏಳನೇ ತರಗತಿಯ ಮೊಮ್ಮಗಳದ್ದು. ಘಾಟಿಯ ಐದನೇ ತಿರುವಿಗೆ ಅವಳಿಗೆ ವಾಂತಿ. ಗಾಡಿ ಆ ಕಡೆ ಈ ಕಡೆ ತೂಗಾಡಬಾರದು ಎಂಬುದು ಅವಳ ಬೇಡಿಕೆ. ಗಾಡಿ ಮೆತ್ತಗಿರಬೇಕು ಎಂಬುದು ಅಜ್ಜಿಯ ಬೇಡಿಕೆ. ಗಾಡಿ ಚೆಂದ ಕಾಣಬೇಕು, ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗಬೇಕು ಎಂಬುದು ಹುಡುಗನದು. ಮೂವರೂ ನನ್ನ ಮುಖ ನೋಡಿದರು. 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಎಂಬ ಕಾರಣಕ್ಕೆ. ಸ್ಪ್ರಿಂಗು ಪಠ್ಯಪುಸ್ತಕದಲ್ಲಿದೆ ನಿಜ, ಶಾಕಪ್ಪು ಇಲ್ಲ. ಹಾಗಾಗಿ ನಾನೂ ಓದಿಕೊಳ್ಳಬೇಕಾಯಿತು.

ಮಕ್ಕಳೇ, ಮೊದಲು ಒಂದು ಬಾಲ್‌ಪೆನ್ನು ಬಿಚ್ಚಿ. ಟಿಕ್ ಟಿಕ್ ಎನ್ನುವ ಜಾತಿಯದು. ಒಳಗಿನ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ. ಕಡಿಮೆ ಒತ್ತಿದರೆ ಕಡಿಮೆ ಕುಗ್ಗುತ್ತದೆ, ಎರಡರಷ್ಟು ಒತ್ತಿದರೆ ಎರಡರಷ್ಟು. ಇದನ್ನು ಮೊದಲು ಕಂಡುಕೊಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ಬೇರೆಯವರು ಕದ್ದಾರೆಂಬ ಭಯಕ್ಕೆ 1676ರಲ್ಲಿ ಅವನು ತನ್ನ ನಿಯಮವನ್ನು 14 ಅಕ್ಷರಗಳ ಒಗಟಾಗಿ ಕಲಸಿ ಅಚ್ಚು ಹಾಕಿಸಿದ. ಎರಡು ವರ್ಷ ಬಿಟ್ಟು 1678ರಲ್ಲಿ ಅರ್ಥ ಬಿಡಿಸಿ ಹೇಳಿದ: ಎಳೆತ ಹೇಗೋ ಬಲ ಹಾಗೆ. ವಿಜ್ಞಾನಿಗಳಲ್ಲೂ ಉತ್ತರ ಪತ್ರಿಕೆಗೆ ಕೈ ಅಡ್ಡ ಹಿಡಿದುಕೊಳ್ಳುವವರು ಇದ್ದರು ನೋಡಿ.

ಈಗ ಆ ಪೆನ್ನಿನ ಸ್ಪ್ರಿಂಗನ್ನು ಸರಿ ಅರ್ಧಕ್ಕೆ ಕತ್ತರಿಸಿ ಮತ್ತೆ ಒತ್ತಿ. ಮೊದಲಿಗಿಂತ ಎರಡು ಪಟ್ಟು ಗಡಸು! ತಂತಿ ಅದೇ, ಸುತ್ತು ಮಾತ್ರ ಅರ್ಧ. ಉಳಿದ ಪ್ರತಿ ಸುತ್ತೂ ಎರಡರಷ್ಟು ತಿರುಚಿಕೊಳ್ಳಬೇಕು, ಅದಕ್ಕೇ ಹಟ ಮಾಡುತ್ತದೆ. ಮೊಮ್ಮಗಳು ಈ ಪ್ರಯೋಗಕ್ಕೆ ಮನೆಯ ಮೂರು ಪೆನ್ನುಗಳನ್ನು ಬಲಿ ಕೊಟ್ಟಳು.

ಪೆನ್ನು ಬಿಚ್ಚಿಸಿದ್ದಕ್ಕೆ ಕಾರಣವಿದೆ. ಗ್ಯಾರೇಜೊಂದರಲ್ಲಿ ಯಾರೋ ಹುಡುಗನಿಗೆ, "ಹೊಸ ಸ್ಪ್ರಿಂಗ್ ಯಾಕೆ ಸಾರ್, ಇರೋದನ್ನೇ ಒಂದು ಸುತ್ತು ಕಟ್ ಮಾಡ್ತೀನಿ, ಸಾವಿರ ರೂಪಾಯಿ ಕೊಡಿ" ಎಂದಿದ್ದನಂತೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಅದು ಶೇಕಡ 20 ಗಡಸಾಗುತ್ತದೆ, ಅಷ್ಟು ಲೆಕ್ಕ ಮೊಮ್ಮಗಳೇ ಹೇಳಿದಳು. ಅದಕ್ಕಿಂತ ದೊಡ್ಡ ಅಪಾಯ ತುದಿಯದು. ಕಾರ್ಖಾನೆಯ ಸ್ಪ್ರಿಂಗಿನ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವಂತೆ ಬಾಗಿಸಿ ಮಾಡಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಗುಂಡಿ ದಾಟುವಾಗ ಚಕ್ರ ಪೂರ್ತಿ ಕೆಳಗಿಳಿದರೆ ಗಿಡ್ಡ ಸ್ಪ್ರಿಂಗು ತನ್ನ ಜಾಗದಲ್ಲೇ ಸಡಿಲವಾಗಿ ಅಲುಗಾಡಬಹುದು. ಕತ್ತರಿಸುವಾಗ ಗ್ಯಾಸಿನ ಉರಿ ಹಿಡಿದರಂತೂ ಆ ಭಾಗದ ಉಕ್ಕಿನ ಹದವೇ ಕೆಡುತ್ತದೆ. ಚಾರ್ಮಾಡಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಸಾವಿರ ರೂಪಾಯಿಯ ಮಾತು ಅಲ್ಲಿಗೇ ಮುಗಿಯಿತು, ಹುಡುಗ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಉಳಿದದ್ದು ತಗ್ಗು ಸ್ಪ್ರಿಂಗುಗಳನ್ನೇ ಬೇರೆಯಾಗಿ ಮಾಡುವ ಕಂಪನಿಗಳದ್ದು. ಜರ್ಮನಿಯ ಐಬಾಕ್ ಎಂಬ ಕಂಪನಿಯದೇ ಎರಡು ಬಗೆ ತೋರಿಸಿದ. ಪ್ರೊ-ಕಿಟ್ ಎಂಬುದು ಹದವಾಗಿ ತಗ್ಗಿಸುವಂಥದ್ದು, ಸ್ಪೋರ್ಟ್‌ಲೈನ್ ಎಂಬುದು ಇನ್ನೂ ಕೆಳಗೆ. ಅವನ ಕಣ್ಣು ಎರಡನೆಯದರ ಮೇಲೆ.

ಇಲ್ಲಿ ನಾನು ಕರಿಹಲಗೆ ಹಿಡಿದೆ. ನಿಜಕ್ಕೂ ಹಿಡಿದೆ. ಅಟ್ಟದಲ್ಲಿದ್ದ ಹಳೆಯದನ್ನು ಇಳಿಸಿ ಒರೆಸಿ ಜಗಲಿಗೆ ಒರಗಿಸಿದೆ.

ಕಾರು ನಿಂತಿರುವಾಗ ಸ್ಪ್ರಿಂಗು ಅದರ ಭಾರಕ್ಕೆ ಆಗಲೇ ಅರ್ಧ ಕುಗ್ಗಿರುತ್ತದೆ. ಅಲ್ಲಿಂದ ಮೇಲಕ್ಕೆ ಚಕ್ರ ಏಳಲು ಇನ್ನಷ್ಟು ಜಾಗ ಇರುತ್ತದೆ. ಕಲ್ಲು ಸಿಕ್ಕರೆ ಚಕ್ರ ಆ ಜಾಗದಲ್ಲಿ ಏಳುತ್ತದೆ, ನಾವು ಏಳುವುದಿಲ್ಲ. ಜಾಗ ಮುಗಿದ ಕಡೆ ಒಂದು ರಬ್ಬರಿನಂಥ ತಡೆ ಇದೆ, ಬಂಪ್ ಸ್ಟಾಪ್ ಅನ್ನುತ್ತಾರೆ. ಚಕ್ರ ಅದಕ್ಕೆ ಜೋರಾಗಿ ಬಡಿದರೆ 'ಢಬ್' ಎಂದು ಪೆಟ್ಟು ನೇರ ಸೊಂಟಕ್ಕೆ.

ಲೆಕ್ಕಕ್ಕೆ ಆ ಜಾಗ 80 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಕಾರನ್ನು 25 ತಗ್ಗಿಸಿದರೆ ಉಳಿಯುವುದು 55. 50 ತಗ್ಗಿಸಿದರೆ 30. ಇಷ್ಟು ಕಳೆಯುವ ಲೆಕ್ಕ, ಮೂರನೇ ತರಗತಿಯದು. ಆದರೆ ಸ್ಪ್ರಿಂಗು ಎಷ್ಟು ಪೆಟ್ಟನ್ನು ನುಂಗಿಕೊಳ್ಳುತ್ತದೆ ಎಂಬುದು ಆ ದೂರದ ಮೇಲಲ್ಲ, ದೂರದ ವರ್ಗದ ಮೇಲೆ ನಿಂತಿದೆ. 80ರ ವರ್ಗ 6400. 55ರ ವರ್ಗ 3025. 30ರ ವರ್ಗ 900. ಅಂದರೆ ಮೊದಲಿನಷ್ಟೇ ಪೆಟ್ಟು ನುಂಗಬೇಕಾದರೆ, ಒಂದಿಂಚು ತಗ್ಗಿದ ಕಾರಿನ ಸ್ಪ್ರಿಂಗು ಎರಡು ಪಟ್ಟು ಗಡಸಾಗಬೇಕು. ಎರಡಿಂಚು ತಗ್ಗಿದ ಕಾರಿನದು ಏಳು ಪಟ್ಟು!

ಹುಡುಗ ಚಾಕ್‌ಪೀಸು ತೆಗೆದುಕೊಂಡು ತಾನೇ ಭಾಗಾಕಾರ ಮಾಡಿ ನೋಡಿದ. 6400 ಭಾಗಿಸು 900, 7.1. ಸ್ವಲ್ಪ ಹೊತ್ತು ಸುಮ್ಮನಿದ್ದ. "ಏಳು ಪಟ್ಟು ಗಡಸು ಸ್ಪ್ರಿಂಗು ಯಾರೂ ಮಾಡೋದಿಲ್ಲಜ್ಜಾ" ಎಂದ. ಹೌದು, ಮಾಡುವುದಿಲ್ಲ. ಮಾಡಿದರೆ ಅದು ಕಾರಲ್ಲ, ನಮ್ಮಪ್ಪನ ಕಾಲದ ಎತ್ತಿನ ಗಾಡಿ. ಅದರಲ್ಲಿ ಸ್ಪ್ರಿಂಗೇ ಇರಲಿಲ್ಲ, ಹುಲ್ಲು ಹಾಸಿ ಕೂರುತ್ತಿದ್ದೆವು. ಹಾಗಾಗಿ ತುಂಬಾ ತಗ್ಗಿದ ಕಾರು ಉಬ್ಬುತಗ್ಗಿನ ರಸ್ತೆಯಲ್ಲಿ ಮತ್ತೆ ಮತ್ತೆ ಹೋಗಿ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಒಂದಿಂಚು ತಗ್ಗಿಸುವ ಸ್ಪ್ರಿಂಗೂ ಎರಡು ಪಟ್ಟು ಗಡಸಿರುವುದಿಲ್ಲ. ಕೊರತೆಯನ್ನು ತುಂಬಿಕೊಳ್ಳಲು ಅಲ್ಲಿ ಬೇರೆ ಉಪಾಯ ಇದೆ. ಅದರ ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿರುತ್ತವೆ, ಇನ್ನೊಂದು ತುದಿಯಲ್ಲಿ ಬಿಡಿಬಿಡಿಯಾಗಿ. ಮೊದಲು ಮೆತ್ತಗೆ ಕುಗ್ಗಿ, ಒತ್ತೊತ್ತಾದ ಸುತ್ತುಗಳು ಒಂದರ ಮೇಲೊಂದು ಕೂತ ಮೇಲೆ ಕೆಲಸ ಮಾಡುವ ಸುತ್ತು ಕಡಿಮೆಯಾಗಿ ಗಡಸಾಗುತ್ತದೆ. ಅದೇ ಕತ್ತರಿಸಿದ ಪೆನ್ನಿನ ಸ್ಪ್ರಿಂಗಿನ ಪಾಠ, ಆದರೆ ಕತ್ತರಿ ಹಾಕದೆ. ಮಿಕ್ಕಿದ್ದನ್ನು ಬಂಪ್ ಸ್ಟಾಪೂ ಶಾಕಪ್ಪೂ ಹಂಚಿಕೊಳ್ಳುತ್ತವೆ.

ಅಜ್ಜಿಯ ಪ್ರಶ್ನೆ ಇನ್ನೂ ಉಳಿದಿತ್ತು: ಗಡಸಾದರೆ ನನ್ನ ಸೊಂಟದ ಗತಿ? ಇದಕ್ಕೂ ಲೆಕ್ಕ ಇದೆ. ಸ್ಪ್ರಿಂಗಿನ ಮೇಲೆ ಕೂತ ಭಾರ ಎಷ್ಟು ಬೇಗ ಮೇಲೆ ಕೆಳಗೆ ಕುಣಿಯುತ್ತದೆ ಎಂಬುದು ಗಡಸಿನ ವರ್ಗಮೂಲದ ಮೇಲೆ ನಿಂತಿದೆ. ಗಡಸು ಶೇಕಡ 20 ಹೆಚ್ಚಿದರೆ ಕುಣಿತ ಚುರುಕಾಗುವುದು ಶೇಕಡ 10ರ ಆಸುಪಾಸು ಮಾತ್ರ. ಅದು ಸೊಂಟಕ್ಕೆ ಗೊತ್ತಾಗುವಷ್ಟಲ್ಲ. ಸೊಂಟಕ್ಕೆ ಗೊತ್ತಾಗುವುದು ಢಬ್ ಎಂಬ ಆ ಕೊನೆಯ ಪೆಟ್ಟು, ಮತ್ತು ಸವೆದ ಶಾಕಪ್ಪಿನಿಂದ ಒಂದು ಉಬ್ಬಿಗೆ ಮೂರು ಸಲ ಕುಣಿಯುವುದು.

ವರ್ಗ, ವರ್ಗಮೂಲ ಎರಡನ್ನೂ ಒಂದೇ ಸಂಜೆ ಒಂದೇ ಕಾರಿನಲ್ಲಿ ತೋರಿಸುವ ಅವಕಾಶ 34 ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಅಜ್ಜಿ ಮಾತ್ರ ಹಲಗೆ ನೋಡಲಿಲ್ಲ, ಬೀನ್ಸು ಮುರಿಯುತ್ತಿದ್ದಳು.

ಇನ್ನು ಶಾಕಪ್ಪು. ಅದು ಭಾರ ಹೊರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಭಾರ ಹೊರುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ನಿಲ್ಲಿಸುವುದು ಗೊತ್ತಿಲ್ಲ, ಒಮ್ಮೆ ಕುಗ್ಗಿಸಿ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಶಾಕಪ್ಪಿನ ಕೆಲಸ ಆ ಕುಣಿತವನ್ನು ಹಿಡಿದು ನಿಲ್ಲಿಸುವುದು. ಒಳಗೆ ಎಣ್ಣೆ ಇದೆ, ಎಣ್ಣೆಯಲ್ಲಿ ಓಡಾಡುವ ಕೊಂತ ಇದೆ, ಅದರಲ್ಲಿ ಸಣ್ಣ ಸಣ್ಣ ತೂತು. ಹೋಳಿಯ ಪಿಚಕಾರಿ ನೆನೆಸಿಕೊಳ್ಳಿ, ಮೆಲ್ಲಗೆ ಒತ್ತಿದರೆ ನೀರು ಸುಲಭವಾಗಿ ಬರುತ್ತದೆ, ಜೋರಾಗಿ ಒತ್ತಿದರೆ ಕೈಗೇ ಎದುರು ನಿಲ್ಲುತ್ತದೆ. ಬ್ಯಾಂಕಿನ ಗಾಜಿನ ಬಾಗಿಲು ದಢಾರನೆ ಬಡಿಯದೆ ನಿಧಾನವಾಗಿ ಮುಚ್ಚಿಕೊಳ್ಳುತ್ತದಲ್ಲ, ಅದರ ಮೇಲೆ ಕೂತಿರುವ ಕೊಳವೆಯೂ ಇದೇ ಜಾತಿ. ಕುಣಿತದ ಶಕ್ತಿ ಎಲ್ಲಿಗೆ ಹೋಯಿತು? ಎಣ್ಣೆ ಬಿಸಿಯಾಯಿತು. ಘಾಟಿ ಇಳಿದ ಮೇಲೆ ಶಾಕಪ್ಪು ಮುಟ್ಟಿದರೆ ಬೆಚ್ಚಗಿರುತ್ತದೆ.

ಈಗ ಮುಖ್ಯ ಮಾತು. ಸ್ಪ್ರಿಂಗನ್ನೂ ಶಾಕಪ್ಪನ್ನೂ ಬೇರೆ ಬೇರೆಯಾಗಿ ಆರಿಸಬಾರದು, ಅವು ಎತ್ತಿನ ಜೋಡಿ. ಗಡಸು ಸ್ಪ್ರಿಂಗು ಮೇಲಕ್ಕೆ ಚಿಮ್ಮುವಾಗ ಹೆಚ್ಚು ಜೋರಿನಿಂದ ಚಿಮ್ಮುತ್ತದೆ, ಅದನ್ನು ಹಿಡಿಯಲು ಶಾಕಪ್ಪಿಗೂ ಅಷ್ಟೇ ಹೆಚ್ಚಿನ ಹಿಡಿತ ಬೇಕು. ಹಳೆಯ ಶಾಕಪ್ಪಿಗೆ ಹೊಸ ಗಡಸು ಸ್ಪ್ರಿಂಗು ಹಾಕಿದರೆ ಮುದಿ ಎತ್ತಿಗೆ ಹೋರಿಯನ್ನು ಜೊತೆ ಕಟ್ಟಿದ ಹಾಗೆ. ಉದ್ದವೂ ಹೊಂದಬೇಕು. ಕಾರು ತಗ್ಗಿದರೆ ಮಾಮೂಲು ಶಾಕಪ್ಪಿನ ಕೊಂತ ಯಾವಾಗಲೂ ಕೊಳವೆಯೊಳಗೆ ಹೆಚ್ಚು ಇಳಿದೇ ಇರುತ್ತದೆ, ತಳಕ್ಕೆ ಹತ್ತಿರ. ಅದಕ್ಕಾಗಿಯೇ ಗಿಡ್ಡ ಮೈಯ ಶಾಕಪ್ಪುಗಳನ್ನು ಬೇರೆಯಾಗಿ ಮಾಡುತ್ತಾರೆ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿಯ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ: ಬಿ4 ಎಂದರೆ ಕಾರಿನ ಜೊತೆ ಬಂದದ್ದರ ಬದಲಿಗೆ ಹಾಕುವ ಮಾಮೂಲಿನದು, ಬಿ6 ಮಾಮೂಲು ಎತ್ತರಕ್ಕೇ ಹೆಚ್ಚು ಹಿಡಿತದ್ದು, ಬಿ8 ತಗ್ಗಿಸಿದ ಕಾರಿಗೆಂದೇ ಗಿಡ್ಡ ಮಾಡಿದ್ದು. 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಗ್ಯಾಸ್ ತುಂಬಿದ ಒಂಟಿ ಕೊಳವೆಯ ಶಾಕಪ್ಪು ಕೊಟ್ಟವರು ಇವರೇ. ಎಣ್ಣೆ ನೊರೆಗಟ್ಟಿದರೆ ಹಿಡಿತ ಬಿಡುತ್ತದೆ, ಗ್ಯಾಸಿನ ಒತ್ತಡ ನೊರೆಗಟ್ಟದಂತೆ ನೋಡಿಕೊಳ್ಳುತ್ತದೆ. ಮಜ್ಜಿಗೆ ಕಡೆಯುವುದನ್ನು ಕಂಡ ಮಕ್ಕಳಿಗೆ ನೊರೆಯ ಮಾತು ತಟ್ಟನೆ ತಿಳಿಯುತ್ತದೆ.

ಸ್ಪ್ರಿಂಗು ಆರಿಸುವಾಗ ಕಾರಿನ ಹೆಸರು ನೋಡಿದರೆ ಸಾಲದು, ಆಕ್ಸಲ್ ಭಾರ ನೋಡಬೇಕು. ಅದೇ ಪೋಲೊದಲ್ಲಿ ಡೀಸೆಲ್ ಎಂಜಿನ್ನಿನದೂ ಇದೆ, ಅದರ ಮೂಗು ಭಾರ. ಅದಕ್ಕೆಂದು ಮಾಡಿದ ಸ್ಪ್ರಿಂಗನ್ನು ಹಗುರ ಪೆಟ್ರೋಲ್ ಕಾರಿಗೆ ಹಾಕಿದರೆ ಮುಂಭಾಗ ತಗ್ಗುವುದೇ ಇಲ್ಲ, ಎದೆ ಉಬ್ಬಿಸಿಕೊಂಡು ನಿಲ್ಲುತ್ತದೆ.

ಇಷ್ಟಾದರೂ ಹುಡುಗ 50ರಿಂದ 40ಕ್ಕೆ ಮಾತ್ರ ಇಳಿದಿದ್ದ. ಅವನನ್ನು 25ಕ್ಕೆ ತಂದದ್ದು ನನ್ನ ಹಲಗೆಯಲ್ಲ, ಅವನ ತಂಗಿಯ ಸ್ಕೇಲು.

ಅವಳು ಒಂದು ಉದ್ದ ಹಲಗೆ, ಒಂದು ಸ್ಕೇಲು, ಒಂದು ನೋಟ್‌ಬುಕ್ಕು ಹಿಡಿದು ನನ್ನನ್ನು ಎರಡು ಭಾನುವಾರ ಬೆಳಿಗ್ಗೆ ರಸ್ತೆಗೆಳೆದಳು. ನಮ್ಮ ಬಡಾವಣೆಯ ರಸ್ತೆ ಉಬ್ಬುಗಳನ್ನು ಅಳೆಯಲು. ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲೇ ಮಾರ್ಗಸೂಚಿ ಬರೆದಿದೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮಾಗಿ ದಾಟುವಂತೆ. (ಹತ್ತನೆಯ ತರಗತಿಯವರು 1.85ರ ವರ್ಗವನ್ನು 34ರಿಂದ ಭಾಗಿಸಿ ನೋಡಿ, 10 ಸೆಂಟಿಮೀಟರ್ ಬಂದೇ ಬರುತ್ತದೆ.) ನಾವು ಅಳೆದ 11 ಉಬ್ಬುಗಳಲ್ಲಿ ಈ ಅಳತೆಗೆ ಹತ್ತಿರ ಬಂದದ್ದು ಎರಡು. ಒಂದಂತೂ 16 ಸೆಂಟಿಮೀಟರ್ ಎತ್ತರ, ಅಗಲ ಒಂದು ಮೀಟರೂ ಇಲ್ಲ. ಮನೆಕಟ್ಟೆಯನ್ನೇ ತಂದು ರಸ್ತೆಗೆ ಅಡ್ಡ ಮಲಗಿಸಿದ ಹಾಗೆ. ಅಳೆಯುವಾಗ ಹಾಲಿನವರು ನಿಲ್ಲಿಸಿ, "ಮೇಷ್ಟ್ರೇ, ತೆಗೆಸ್ತಾರಾ?" ಎಂದು ಆಸೆಯಿಂದ ಕೇಳಿದರು.

ಪುಟ್ಟಿ ಮನೆಗೆ ಬಂದು ಅಣ್ಣನ ಮುಂದೆ ನೋಟ್‌ಬುಕ್ಕು ತೆರೆದಳು. ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಜಾಗ 165 ಮಿಲಿಮೀಟರ್ ಎಂದು ಕಂಪನಿ ಹೇಳುತ್ತದೆ. ಅದು ಖಾಲಿ ಕಾರಿಗೆ. ನಾವು ನಾಲ್ಕು ಜನ, ಅಕ್ಕನ ಮನೆಗೆ ಅಜ್ಜಿ ಕಟ್ಟುವ ಗಂಟು, ಬರುವಾಗ ತೆಂಗಿನಕಾಯಿಯ ಚೀಲ. ಹಾಗೆ ತುಂಬಿಸಿ ನಿಲ್ಲಿಸಿ ನಾವೇ ಅಳೆದಾಗ ಹಿಂಭಾಗ 35 ಮಿಲಿಮೀಟರ್ ತಗ್ಗಿತ್ತು. ಉಳಿದದ್ದು 130. ಅದರಲ್ಲಿ 25 ಕಳೆ, 105. 40 ಕಳೆ, 90. ಮಾರ್ಗಸೂಚಿಯ ಒಳ್ಳೆಯ ಉಬ್ಬೇ 100.

"ಒಳ್ಳೇ ಉಬ್ಬು ಅಗಲ ಇರುತ್ತೆ ಕಣೇ, ಚಕ್ರಾನೂ ಜೊತೆಗೇ ಏರುತ್ತೆ. ಹಂಗೆಲ್ಲ ನೇರವಾಗಿ ಕಳೆಯೋಕಾಗಲ್ಲ" ಎಂದ ಅಣ್ಣ. ಅದು ಸರಿಯೇ, ವಾದ ಚೆನ್ನಾಗಿ ಮಾಡಿದ.

"ಹಂಗಾದ್ರೆ ಆ ಮನೆಕಟ್ಟೆ ಉಬ್ಬು?" ಎಂದಳು ತಂಗಿ. "ಅಲ್ಲಿ ಪ್ರತಿ ಸಲ ಅಜ್ಜಿನ ಇಳಿಸ್ತೀಯಾ?"

ಅವನು ಉತ್ತರ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ಹತ್ತಿರ ಬಂದು, "25 ಸಾಕಜ್ಜಾ" ಎಂದ. ನನಗೆ ಅವನ ಮೇಲೆ ಕನಿಕರವೂ ಆಯಿತು. ಇಪ್ಪತ್ತಾರು ವರ್ಷಕ್ಕೆ ಸ್ವಂತ ದುಡ್ಡಿನ ಕಾರು, ಅದನ್ನು ತನ್ನಿಷ್ಟದ ಹಾಗೆ ಮಾಡಿಕೊಳ್ಳುವ ಆಸೆ ತಪ್ಪೇನಲ್ಲ. ನಮ್ಮ ಕಾಲದಲ್ಲಿ ಸೈಕಲ್ಲಿನ ಹ್ಯಾಂಡಲ್ ಬಗ್ಗಿಸಿ ತಿರುಗಿದವರು ನಾವೇ ಅಲ್ಲವೇ? ಪೂರ್ತಿ ಬೇಡ ಎಂದುಬಿಡುವುದು ನನಗೆ ಸುಲಭವಿತ್ತು. ಆದರೆ ಸವೆದ ಶಾಕಪ್ಪು ಹೇಗೂ ಹೋಗಬೇಕಿತ್ತು, ಹದವಾದ ಜೋಡಿ ಹಾಕಿದರೆ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆಯಾಗುವುದೂ ನಿಜ.

ಹಣ ಕೊಡುವ ಮೊದಲು ಒಂದು ಕೆಲಸ ಮಾಡಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಬಿಗಿಯಾಗಿಯೇ ಹೇಳಿದೆ. ಆದ್ದರಿಂದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರೆದು, ಎರಡೂ ಕಡೆಯ ಉತ್ತರ ಕೈಗೆ ಬಂದ ಮೇಲೆಯೇ ಆರ್ಡರು. ಹುಡುಗ ಗೊಣಗಿದ, ಮಾಡಿದ.

ಕೂರಿಸುವ ದಿನ ನಾನೂ ಗ್ಯಾರೇಜಿಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತೆ. ಮುಂಭಾಗದಲ್ಲಿ ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕಪ್ಪು ನಿಂತಿರುತ್ತದೆ. 1940ರ ದಶಕದಲ್ಲಿ ಅಮೆರಿಕದ ಅರ್ಲ್ ಮೆಕ್‌ಫರ್ಸನ್ ಎಂಬ ಎಂಜಿನಿಯರ್ ರೂಪಿಸಿದ ಜೋಡಣೆ, ಇವತ್ತು ಬಹುಪಾಲು ಚಿಕ್ಕ ಕಾರುಗಳಲ್ಲಿ ಅದೇ. ಅದನ್ನು ಬಿಚ್ಚಲು ಸ್ಪ್ರಿಂಗನ್ನು ಕಂಪ್ರೆಸರ್ ಎಂಬ ಹಿಡಿಕೆಯಲ್ಲಿ ಅದುಮಿ ಹಿಡಿಯಬೇಕು. ಮಕ್ಕಳೇ, ಪೆನ್ನು ಬಿಚ್ಚಿ ಎಂದೆನಲ್ಲ, ಅದು ಪೆನ್ನಿಗೆ ಮಾತ್ರ. ಕಾರಿನ ಅದುಮಿದ ಸ್ಪ್ರಿಂಗು ಜಾರಿದರೆ ಗುಂಡು ಹಾರಿದ ಹಾಗೆ, ಬಲ್ಲವರೂ ಅದರ ಎದುರಿಗೆ ನಿಲ್ಲುವುದಿಲ್ಲ. ನಮ್ಮ ಮೆಕ್ಯಾನಿಕ್ ನನ್ನ ಸ್ಟೂಲನ್ನೇ ಎತ್ತಿ ಹತ್ತಡಿ ಆಚೆ ಇಟ್ಟ.

ಅವನ ಕೈಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು ಕೊನೆಯ ಹಂತ. ಹಿಂದಿನ ಆಕ್ಸಲ್ ಹಿಡಿಯುವ ರಬ್ಬರ್ ಬುಷ್ಷುಗಳ ಬೋಲ್ಟುಗಳನ್ನು ಅವನು ಕಾರು ಮೇಲೆ ತೂಗುತ್ತಿದ್ದಾಗ ಬಿಗಿ ಮಾಡಲಿಲ್ಲ. ನಾಲ್ಕೂ ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೆ, ಅಡಿಗೆ ಮಲಗಿ ಬಿಗಿ ಮಾಡಿದ. ಯಾಕಪ್ಪಾ ಎಂದು ಕೇಳಿದೆ. "ಮೇಲಿದ್ದಾಗ ಟೈಟ್ ಮಾಡಿದ್ರೆ ಇಳಿದ ಮೇಲೆ ರಬ್ಬರು ಯಾವಾಗ್ಲೂ ತಿರುಚಿಕೊಂಡೇ ಇರುತ್ತೆ ಸಾರ್, ಬೇಗ ಹರೀತದೆ" ಎಂದ. ಹೊಸ ಎತ್ತರಕ್ಕೆ ರಬ್ಬರನ್ನು ಹೊಂದಿಸುವುದು! ಈ ಒಂದು ಮಾತಿಗಾಗಿ ಅವನಿಗೆ ನನ್ನ ತರಗತಿಯಲ್ಲಿ ಪೂರ್ತಿ ಅಂಕ ಕೊಡುತ್ತಿದ್ದೆ. ಆಮೇಲೆ ವೀಲ್ ಅಲೈನ್‌ಮೆಂಟು, ಹೆಡ್‌ಲೈಟಿನ ಕೋನ ಸರಿಪಡಿಸುವುದು. ಕಾರು ತಗ್ಗಿದರೆ ಚಕ್ರಗಳ ಓರೆಯೂ ಬದಲಾಗುತ್ತದೆ, ಹಾಗೇ ಬಿಟ್ಟರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹಳೆಯ ಸ್ಪ್ರಿಂಗುಗಳನ್ನು ಗೋಣಿಯಲ್ಲಿ ಸುತ್ತಿ ಕರಿಹಲಗೆಯ ಪಕ್ಕ ಅಟ್ಟಕ್ಕೆ ಹಾಕಿದ್ದೇವೆ.

ಪುಟ್ಟಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಮೊದಲೂ ಅಳೆದಿದ್ದಳು, ಆಮೇಲೂ ಅಳೆದಳು. ಮುಂದೆ 24 ಮಿಲಿಮೀಟರ್, ಹಿಂದೆ 22. ಎರಡು ವಾರದಲ್ಲಿ ಇನ್ನೆರಡು ಕೂತಿತು.

ಮೊದಲ ಪ್ರಯಾಣ ಮಳೆ ಬಿಟ್ಟ ಒಂದು ಶನಿವಾರ. ಮನೆಕಟ್ಟೆ ಉಬ್ಬಿನಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದೆವು. ಹುಡುಗ ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ದಾಟಿಸಿದ, ತಳ ತಾಗಲಿಲ್ಲ. ರಸ್ತೆಯ ಸಣ್ಣ ಸಣ್ಣ ಕಲ್ಲು ಮೊದಲಿಗಿಂತ ಹೆಚ್ಚು ತಿಳಿಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಉಬ್ಬಿಗೆ ಗಾಡಿ ಒಮ್ಮೆ ಎದ್ದು ಒಮ್ಮೆ ಕೂತು ಸುಮ್ಮನಾಗುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ತಿಂದದ್ದಕ್ಕೆ ಮುಂದಿನ ತಿರುವುಗಳಲ್ಲಿ ಪುಟ್ಟಿಯ ಗತಿ ಏನೋ ಎಂದು ನನಗೆ ಹೆದರಿಕೆ. ಐದನೇ ತಿರುವು ಹೋಯಿತು, ಎಂಟನೆಯದು ಹೋಯಿತು. ಶಾಕಪ್ಪಿಗೆ ಅರ್ಧ ಪುಣ್ಯ ಕೊಡುತ್ತೇನೆ, ಇನ್ನರ್ಧ ಸ್ಟೀರಿಂಗ್ ಹಿಡಿದವನಿಗೆ. ತಂಗಿಗಾಗಿ ಅವನು ಅವತ್ತು ತಿರುವಿಗೆ ಮೊದಲೇ ನಿಧಾನ ಮಾಡಿ, ಎಲ್ಲೂ ಜಗ್ಗದೆ, ಹೂವಿನ ಬುಟ್ಟಿ ಒಯ್ಯುವ ಹಾಗೆ ಒಯ್ದ. ಅಜ್ಜಿ ಘಾಟಿಯ ನಡುವೆ ನಿದ್ದೆಹೋದಳು. ಸೊಂಟಕ್ಕೆ ಕೊಟ್ಟಿದ್ದ ದಿಂಬು ಕೆಳಗೆ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಉಜಿರೆಯ ಮನೆಯ ಜಗಲಿಯಲ್ಲಿ ದೊಡ್ಡಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಕಾರು ಅಂಗಳಕ್ಕೆ ಬಂದು ನಿಂತದ್ದೇ ಹುಡುಗ ಇಳಿದು, "ದೊಡ್ಡಜ್ಜೀ, ಕಾರು ಹೇಗಿದೆ? ತಗ್ಗಿಸಿದ್ದೀನಿ" ಎಂದ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಯಾವ್ದು ಮಗಾ ತಗ್ಗಿದ್ದು?"

ಅವನು ಚಕ್ರದ ಮೇಲಿನ ಸಂದಿಗೆ ಕೈ ತೂರಿಸಿ ತೋರಿಸಿದ: ಮೊದಲು ನಾಲ್ಕು ಬೆರಳು ಹೋಗ್ತಿತ್ತು, ಈಗ ಎರಡೂವರೆ. ದೊಡ್ಡಜ್ಜಿ ಓಹೋ ಎಂದು ತಲೆಯಾಡಿಸಿದರು, ಆದರೆ ಅಷ್ಟು ಹೊತ್ತಿಗೆ ಅವರ ಕಣ್ಣು ಕಾರಿನ ಮೇಲಿರಲಿಲ್ಲ. ಹಿಂದಿನ ಬಾಗಿಲು ತೆರೆದು, ಯಾರ ಕೈಯನ್ನೂ ಹಿಡಿಯದೆ, ತಂಗಿ ತಾನಾಗಿಯೇ ಇಳಿದು ಬರುತ್ತಿದ್ದಳು.